ಮೌನದ ಕೋಣೆ, ಮಾತಿನ ಕೋಣೆ

ಮೆಕ್ಸಿಕೋದ ಕ್ವೆರ್ನವಾಕಾ ಊರಿನ ಹತ್ತಿರ ಬೆನೆಡಿಕ್ಟೈನ್ ಸಭೆಯ ಮಠವೊಂದಿತ್ತು. ಕಟ್ಟಿದವರು ಬೆಲ್ಜಿಯಂನಿಂದ ಬಂದಿದ್ದ ಗ್ರೆಗೋರಿಯೊ ಲೆಮೆರ್ಸಿಯೆ. 1961ರಲ್ಲಿ ಅವರು ಕ್ರೈಸ್ತ ಮಠಗಳು ಅಲ್ಲಿಯವರೆಗೆ ಕಂಡಿರದ ಪ್ರಯೋಗಕ್ಕೆ ಇಳಿದರು. ತಾವು ಮನೋವಿಶ್ಲೇಷಣೆಗೆ ಒಳಗಾದದ್ದಲ್ಲದೆ ಮಠದ ಸನ್ಯಾಸಿಗಳಿಗೂ ಗುಂಪು ಚಿಕಿತ್ಸೆ ಏರ್ಪಡಿಸಿದರು. ಹೊತ್ತುಹೊತ್ತಿಗೆ ಕೀರ್ತನೆ ಹಾಡಿ ಮೌನದಲ್ಲಿ ಕೂರುತ್ತಿದ್ದವರು ಈಗ ವಿಶ್ಲೇಷಕರ ಮುಂದೆ ಕೂತು ಬಾಲ್ಯ, ಭಯ, ಬಯಕೆಗಳ ಬಗ್ಗೆ ಬಾಯಿಬಿಟ್ಟರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ಸನ್ಯಾಸ ಬಿಟ್ಟು ಹೊರಟರು. 1967ರಲ್ಲಿ ವ್ಯಾಟಿಕನ್ ಇದಕ್ಕೆಲ್ಲ ತಡೆಯೊಡ್ಡಿತು. ಲೆಮೆರ್ಸಿಯೆ ಕೂಡ ಮಠಜೀವನ ಬಿಟ್ಟು ಮನೋವಿಶ್ಲೇಷಣೆಯ ಕೇಂದ್ರ ತೆರೆದರು.

ಈ ಘಟನೆಯನ್ನು ಎರಡು ರೀತಿ ಓದಬಹುದು. ಚಿಕಿತ್ಸೆ ಪ್ರಾರ್ಥನೆಯ ಬೇರಿಗೇ ಕೊಡಲಿ ಹಾಕಿತು ಎಂಬುದು ಒಂದು ಓದು. ಅಪ್ಪನ ಭಯಕ್ಕೋ ಮದುವೆಯ ಭಯಕ್ಕೋ ಮಠ ಸೇರಿದ್ದವರು ತಮ್ಮ ಮನಸ್ಸನ್ನು ತಿಳಿದುಕೊಂಡು ಪ್ರಾಮಾಣಿಕವಾಗಿ ಹೊರನಡೆದರು, ಸುಳ್ಳು ಕರೆ ಸುಳ್ಳೆಂದು ಬಯಲಾಯಿತು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಅಷ್ಟು ವರ್ಷಗಳ ಪ್ರಾರ್ಥನೆ ಬಯಲಿಗೆಳೆಯದಿದ್ದುದನ್ನು ಚಿಕಿತ್ಸೆ ಬಯಲಿಗೆಳೆಯಿತು. ಆದರೆ ಆಮೇಲೆ ಅವರು ಯಾವುದಕ್ಕಾಗಿ ಬದುಕಬೇಕು ಎಂಬ ಪ್ರಶ್ನೆ ಚಿಕಿತ್ಸೆಯ ಕೈಗೆ ಸಿಗುವಂಥದ್ದಾಗಿರಲಿಲ್ಲ. ಧ್ಯಾನಪ್ರಾರ್ಥನೆಯೂ ಮನೋಚಿಕಿತ್ಸೆಯೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಒಟ್ಟಿಗೆ ಇರಬಹುದೇ ಎಂಬ ಚರ್ಚೆಯ ಎರಡು ತುದಿಗಳೂ ಇಲ್ಲಿವೆ.

ಮೊದಲು ಯಾವ ಪ್ರಾರ್ಥನೆಯ ಮಾತು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕೈ ಎತ್ತಿ ಗಟ್ಟಿಯಾಗಿ ಸ್ತುತಿಸುವ ಕೂಟಗಳಾಗಲಿ, ರೋಗ ವಾಸಿಯಾಗಲೆಂಬ ಬೇಡಿಕೆಯಾಗಲಿ, ಜಪಸರವಾಗಲಿ ಅಲ್ಲ. ಮಾತನ್ನೂ ಕಲ್ಪನೆಯನ್ನೂ ಕೆಳಗಿಟ್ಟು ದೇವರ ಮುಂದೆ ಸುಮ್ಮನೆ ಕೂರುವ ಹಳೆಯ ಪರಂಪರೆಯೊಂದು ಕ್ರೈಸ್ತರಲ್ಲಿದೆ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಅದನ್ನು ಜಾನ್ ಕ್ಯಾಸಿಯನ್ ಪಶ್ಚಿಮಕ್ಕೆ ತಂದರು. ನಡುವೆ ಅದು ಮಠಗಳ ಗೋಡೆಯೊಳಗೇ ಉಳಿದುಹೋಯಿತು. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್ ಎಂಬಲ್ಲಿರುವ ಟ್ರ್ಯಾಪಿಸ್ಟ್ ಮಠದ ಮೂವರು, ಥಾಮಸ್ ಕೀಟಿಂಗ್, ವಿಲಿಯಂ ಮೆನಿಂಜರ್, ಬೇಸಿಲ್ ಪೆನ್ನಿಂಗ್‌ಟನ್, ಇದನ್ನು ಸಂಸಾರಸ್ಥರಿಗೂ ಕಲಿಸುವ ದಾರಿ ಹುಡುಕಿದರು. ಕ್ಯಾಥೊಲಿಕ್ ಮನೆಗಳ ಹುಡುಗ ಹುಡುಗಿಯರು ಧ್ಯಾನ ಕಲಿಯಲು ಬೌದ್ಧ ಮತ್ತು ಹಿಂದೂ ಗುರುಗಳ ಬಳಿ ಹೋಗುತ್ತಿದ್ದ ಕಾಲ ಅದು. ಹದಿನಾಲ್ಕನೇ ಶತಮಾನದ ಅನಾಮಿಕ ಇಂಗ್ಲಿಷ್ ಗ್ರಂಥವೊಂದನ್ನು ಆಧಾರವಾಗಿಟ್ಟುಕೊಂಡು ಅವರು ರೂಪಿಸಿದ ವಿಧಾನಕ್ಕೆ 'ಸೆಂಟರಿಂಗ್ ಪ್ರೇಯರ್' ಎಂಬ ಹೆಸರು ಬಂತು. ಚಿಕ್ಕದೊಂದು ಪದ ಆರಿಸಿಕೊಂಡು ಕಣ್ಣುಮುಚ್ಚಿ ಕೂರಬೇಕು. ಯೋಚನೆ ಬಂದರೆ ಅದರ ಬೆನ್ನು ಹತ್ತಬಾರದು, ಅದರೊಡನೆ ಜಗಳಕ್ಕೂ ಇಳಿಯಬಾರದು. ಮೆಲ್ಲಗೆ ಆ ಪದಕ್ಕೆ ಮರಳಬೇಕು. ಸಲಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆರಡು ಸಲ.

ಇಂಥದೇ ಇನ್ನೊಂದು ಧಾರೆಗೆ ನಮ್ಮ ಕಡೆಯ ನಂಟಿದೆ. ಬೆನೆಡಿಕ್ಟೈನ್ ಗುರು ಜಾನ್ ಮೇನ್ 1950ರ ದಶಕದಲ್ಲಿ, ಇನ್ನೂ ಸನ್ಯಾಸಿಯಾಗುವ ಮೊದಲು, ಮಲಯಾದಲ್ಲಿ ಸ್ವಾಮಿ ಸತ್ಯಾನಂದರಿಂದ ಮಂತ್ರಧ್ಯಾನ ಕಲಿತಿದ್ದರು. ಮುಂದೆ ಅದರ ಹೋಲಿಕೆಯನ್ನು ಕ್ಯಾಸಿಯನ್‌ನ ಬರಹದಲ್ಲಿ ಕಂಡುಕೊಂಡು ಕ್ರೈಸ್ತ ಧ್ಯಾನವಾಗಿ ಬೋಧಿಸಿದರು.

ಸ್ಪೆನ್ಸರ್‌ನ ಕೀಟಿಂಗ್ ವಿಧಾನ ಕಲಿಸುವುದಕ್ಕೇ ನಿಲ್ಲಲಿಲ್ಲ. ಸುರಕ್ಷತೆ, ಪ್ರೀತಿ, ಹಿಡಿತ ಈ ಮೂರರ ಹಸಿವು ಬಾಲ್ಯದಲ್ಲಿ ತೀರದೇ ಹೋದರೆ ಅದರ ಸುತ್ತ ಒಂದು ಸುಳ್ಳು 'ನಾನು' ಬೆಳೆಯುತ್ತದೆ. ಮೌನದಲ್ಲಿ ಮೈಮನಗಳಿಗೆ ಆಳವಾದ ವಿಶ್ರಾಂತಿ ಸಿಕ್ಕಾಗ ಅದುಮಿಟ್ಟ ನೋವು ತಾನಾಗಿ ಮೇಲೆದ್ದು ಹೊರಹೋಗುತ್ತದೆ ಎಂದು ಅವರು ವಿವರಿಸಿದರು. ಈ ಕೆಲಸವನ್ನು 'ದೈವಿಕ ಚಿಕಿತ್ಸೆ' ಎಂದೇ ಕರೆದರು. ಕ್ವೆರ್ನವಾಕಾದಲ್ಲಿ ಚಿಕಿತ್ಸೆ ಮಠದೊಳಕ್ಕೆ ಬಂದಿತ್ತು; ಸ್ಪೆನ್ಸರ್‌ನಿಂದ ಪ್ರಾರ್ಥನೆ ಚಿಕಿತ್ಸೆಯ ಅಂಗಳಕ್ಕೆ ಕಾಲಿಟ್ಟಿತು.

ಎರಡಕ್ಕೂ ಸಮಾನವಾದದ್ದು ಮೇಲ್ನೋಟಕ್ಕೇ ಕಾಣುತ್ತದೆ. ಎರಡೂ ಮನುಷ್ಯನನ್ನು ಅವನ ನಿತ್ಯದ ಗದ್ದಲದಿಂದ ಪಕ್ಕಕ್ಕೆ ಕರೆದು ಕೂರಿಸುತ್ತವೆ. ತನ್ನ ಬಗ್ಗೆ ತಾನೇ ಹೇಳಿಕೊಂಡು ಬಂದ ಕಥೆ ಪೂರ್ತಿ ನಿಜವಲ್ಲ ಎಂದು ಎರಡೂ ತೋರಿಸಿಕೊಡುತ್ತವೆ. ಎರಡಕ್ಕೂ ವರ್ಷಗಟ್ಟಲೆ ತಾಳ್ಮೆ ಬೇಕು. ಆದರೆ ಕೂತವನಿಗೆ ಕೊಡುವ ಸೂಚನೆಯನ್ನು ಗಮನಿಸಿದರೆ ಅವು ಎದುರು ದಿಕ್ಕಿಗೆ ಹೊರಟಿರುವುದು ತಿಳಿಯುತ್ತದೆ. ಒಬ್ಬಾಕೆ ಕಣ್ಣುಮುಚ್ಚಿ ಕೂತಾಗ, ಚಿಕ್ಕಂದಿನಲ್ಲಿ ಅಪ್ಪ ಊಟದ ತಟ್ಟೆ ಎಸೆದ ರಾತ್ರಿ ನೆನಪಿಗೆ ಬಂತು ಎನ್ನಿ. ಚಿಕಿತ್ಸಕಿಯ ಎದುರಿದ್ದರೆ, 'ಅಲ್ಲೇ ಸ್ವಲ್ಪ ನಿಲ್ಲಿ, ಆಗ ನೀವು ಎಲ್ಲಿದ್ದಿರಿ, ಅಮ್ಮ ಏನು ಮಾಡಿದರು?' ಎಂಬ ಪ್ರಶ್ನೆ ಬರುತ್ತದೆ. ಪ್ರಾರ್ಥನೆಯಲ್ಲಿದ್ದರೆ ಅವಳು ಆ ನೆನಪನ್ನೂ ಹೋಗಗೊಟ್ಟು ತನ್ನ ಪದಕ್ಕೆ ಮರಳಬೇಕು. ಒಂದು ಹಿಡಿದು ನೋಡು ಎನ್ನುತ್ತದೆ, ಇನ್ನೊಂದು ಬಿಟ್ಟುಬಿಡು ಎನ್ನುತ್ತದೆ. ಒಂದೇ ಗಂಟೆಯಲ್ಲಿ ಎರಡನ್ನೂ ಮಾಡಹೊರಟರೆ ಎರಡೂ ಕೆಡುತ್ತವೆ. ಒಂದೇ ವಾರದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿದರೆ ಕೆಡಬೇಕೆಂದೇನೂ ಇಲ್ಲ. ಹಾಗಾದರೆ ಈ ಎರಡರಲ್ಲಿ ಯಾವುದು ಯಾರಿಗೆ, ಯಾವಾಗ ಎಂದು ತೂಗಬೇಕಾಗುತ್ತದೆ.

ಒಟ್ಟಿಗೆ ಇರಲಿ ಎನ್ನುವವರ ವಾದದಿಂದ ಆರಂಭಿಸೋಣ. ಖಿನ್ನತೆಯಿಂದ ಹೊರಬಂದವರನ್ನು ಮತ್ತೆ ಅದಕ್ಕೆ ಎಳೆಯುವ ಅಭ್ಯಾಸಗಳಲ್ಲಿ ಒಂದು, ನೋವನ್ನು ಮೆಲುಕು ಹಾಕುತ್ತಲೇ ಇರುವುದು. 'ನಾನೇಕೆ ಹೀಗೆ' ಎಂಬ ಪ್ರಶ್ನೆಯ ಸುತ್ತ ಗಂಟೆಗಟ್ಟಲೆ ಸುತ್ತುವವರಿಗೆ ಇನ್ನಷ್ಟು ಮಾತಿಗಿಂತ, ಯೋಚನೆಯನ್ನು ಯೋಚನೆಯೆಂದು ಕಂಡು ಬಿಡುವ ತರಬೇತಿ ನೆರವಾಗಬಹುದು. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಸೇರಿ ರೂಪಿಸಿದ ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆ ಮಾಡುವುದು ಇದನ್ನೇ. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾದವರಲ್ಲಿ ಅದು ಮರುಕಳಿಸುವುದನ್ನು ಗಣನೀಯವಾಗಿ ತಗ್ಗಿಸಿತು ಎಂದು 2000ದಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತ್ತು. ವಿಲಿಯಮ್ಸ್ ಆಕ್ಸ್‌ಫರ್ಡಿನ ಮನೋವಿಜ್ಞಾನಿಯಷ್ಟೇ ಅಲ್ಲ, ದೀಕ್ಷೆ ಪಡೆದ ಆಂಗ್ಲಿಕನ್ ಪಾದ್ರಿಯೂ ಹೌದು. ಬೌದ್ಧ ಮೂಲದ ಧ್ಯಾನಕ್ಕೆ ಹಿಂಜರಿಯುವ ಕ್ರೈಸ್ತರಿಗೆ ಸೆಂಟರಿಂಗ್ ಪ್ರೇಯರ್ ಇದೇ ಕೆಲಸ ಮಾಡಬಹುದಲ್ಲವೇ ಎಂದು ಅಮೆರಿಕದ ಮನೋವಿಜ್ಞಾನಿ ಜೋಶುವಾ ನ್ಯಾಬ್ 2012ರಲ್ಲಿ ವಾದಿಸಿದರು.

ಇನ್ನೊಂದು ವಾದ ಇನ್ನೂ ಸರಳ: ನಂಬಿಕೆಯುಳ್ಳ ಮನುಷ್ಯ ಚಿಕಿತ್ಸೆಗೆ ಬರುವಾಗ ತನ್ನ ದೇವರನ್ನು ಬಾಗಿಲ ಹೊರಗೆ ಬಿಟ್ಟು ಬರುವುದಿಲ್ಲ. ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಕಾಯಿಲೆ ಬಿದ್ದ ವೃದ್ಧರನ್ನು ಗಮನಿಸುತ್ತ ಬಂದಾಗ, ದೇವರು ನನ್ನನ್ನು ಕೈಬಿಟ್ಟ, ನನ್ನನ್ನು ಶಿಕ್ಷಿಸುತ್ತಿದ್ದಾನೆ ಎಂದು ಒಳಗೇ ಹೋರಾಡುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿದ್ದುದು ಕಂಡಿತು. 2001ರಲ್ಲಿ ಅದು ಪ್ರಕಟವಾಯಿತು. ಇಂಥ ಹೋರಾಟವನ್ನು ಕೇಳಿಸಿಕೊಳ್ಳದ ಚಿಕಿತ್ಸಕ ರೋಗಿಯ ಅರ್ಧವನ್ನಷ್ಟೇ ನೋಡುತ್ತಾನೆ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಗೆ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬ ವಿಭಾಗ ಸೇರಿಸಿತು. ಇಂಥದ್ದೂ ಇರುತ್ತದೆ, ಅದು ರೋಗವಾಗಿರಬೇಕೆಂದಿಲ್ಲ ಎಂದು ವೃತ್ತಿಯೇ ಒಪ್ಪಿಕೊಂಡಂತಾಯಿತು.

ಈಗ ತಕ್ಕಡಿಯ ಎದುರು ತಟ್ಟೆ. ಸಾಕ್ಷ್ಯದ ತೂಕ ಎಷ್ಟೆಂದು ಮೊದಲು ಕೇಳಬೇಕು. ಮೈಂಡ್‌ಫುಲ್‌ನೆಸ್ ಬಗ್ಗೆ ನಡೆದಷ್ಟು ಪರೀಕ್ಷೆ ಕ್ರೈಸ್ತ ಧ್ಯಾನಪ್ರಾರ್ಥನೆಯ ಬಗ್ಗೆ ನಡೆದಿಲ್ಲ. ನಡೆದವು ಹೆಚ್ಚಾಗಿ ಚಿಕ್ಕವು: ಪ್ರಾರ್ಥನೆಯ ವೇಳೆ ಮಿದುಳಿನ ರಕ್ತಚಲನೆ ಹೇಗೆ ಬದಲಾಗುತ್ತದೆ ಎಂದು ಆಂಡ್ರ್ಯೂ ನ್ಯೂಬರ್ಗ್ 2003ರಲ್ಲಿ ವರದಿ ಮಾಡಿದ್ದು ಮೂವರು ಫ್ರಾನ್ಸಿಸ್ಕನ್ ಸಿಸ್ಟರ್‌ಗಳನ್ನು ನೋಡಿ. ಒಂದರ ಫಲವನ್ನು ಇನ್ನೊಂದರ ಖಾತೆಗೆ ಬರೆಯುವುದು ಆತುರ. ಅಲ್ಲದೆ ಟೀಸ್‌ಡೇಲ್ ತಂಡದ ಫಲಿತಾಂಶ ಆ ಹೊತ್ತಿಗೆ ಚೇತರಿಸಿಕೊಂಡಿದ್ದವರದು. ಖಿನ್ನತೆಯ ನಡುಮಡುವಿನಲ್ಲಿ ಇರುವವರನ್ನು ಇಪ್ಪತ್ತು ನಿಮಿಷ ಒಂಟಿಯಾಗಿ ಮೌನದಲ್ಲಿ ಕೂರಿಸಿದರೆ ಮೌನವನ್ನು ತುಂಬುವುದು ದೇವರಲ್ಲ, ತನ್ನ ಮೇಲಿನ ಜಿಗುಪ್ಸೆಯಾಗಿರಬಹುದು.

ಬಿಟ್ಟುಬಿಡುವ ಅಭ್ಯಾಸ ಎಲ್ಲರಿಗೂ ಒಂದೇ ಬಗೆಯ ಔಷಧಿಯಲ್ಲ. ಮೆಲುಕು ಹಾಕುವವರಿಗೆ ಅದು ಒಳ್ಳೆಯದಾದೀತು. ನೋವಿನ ಹತ್ತಿರವೂ ಸುಳಿಯದೆ ಬದುಕುವುದನ್ನು ಮೊದಲೇ ಕಲಿತುಬಿಟ್ಟವರಿಗೆ ಅದು ಇನ್ನೊಂದು ಅಡಗುದಾಣವಾಗುತ್ತದೆ. ಅಮೆರಿಕದ ಮನೋಚಿಕಿತ್ಸಕ ಜಾನ್ ವೆಲ್‌ವುಡ್ ಇದನ್ನು 1980ರ ದಶಕದಲ್ಲೇ ಗುರುತಿಸಿದ್ದರು: ಬಿಡಿಸಿಕೊಳ್ಳಬೇಕಾದ ಭಾವನೆಗಳ ಗಂಟನ್ನು ಅಧ್ಯಾತ್ಮದ ಅಡ್ಡದಾರಿಯಲ್ಲಿ ದಾಟಿಹೋಗುವುದು. ಹೊಡೆಯುವ ಗಂಡನನ್ನು ಕುರಿತ ಸಿಟ್ಟನ್ನು ದಿನಕ್ಕೆರಡು ಸಲ ಬಿಟ್ಟುಬಿಡುವ ಹೆಂಗಸಿಗೆ ಆ ಸಿಟ್ಟೇ ಮನೆಯಿಂದ ಹೊರಬರುವ ಬಲ ಕೊಡುತ್ತಿತ್ತೇನೋ. ಆಘಾತ ಉಂಡವರಲ್ಲಿ ಮೌನ ಒಮ್ಮೆಲೆ ಎಲ್ಲವನ್ನೂ ಮೇಲಕ್ಕೆ ತರಬಹುದು. ಕೀಟಿಂಗ್ ಅದನ್ನು 'ಹೊರೆ ಇಳಿಯುವುದು' ಎಂದರು. ಆದರೆ ಹೊರೆ ಇಳಿಸುವಾಗ ಹಿಡಿಯಲು ಇನ್ನೊಂದು ಜೊತೆ ಕೈ ಬೇಕಲ್ಲ.

ಗೀಳು ಕಾಯಿಲೆ ಇರುವವರ ವಿಷಯ ಇನ್ನೂ ಸೂಕ್ಷ್ಮ. ಯೇಸುಸಭೆ ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ 1522ರ ಸುಮಾರಿಗೆ ಮನ್ರೇಸಾದಲ್ಲಿದ್ದಾಗ ಹೇಳಿಕೊಂಡ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿಕೊಂಡರೂ ಸಮಾಧಾನ ಸಿಗದೆ, ಆತ್ಮಹತ್ಯೆಯ ಯೋಚನೆಯವರೆಗೂ ಹೋಗಿದ್ದರು. ಇಂದಿನ ಚಿಕಿತ್ಸೆಯಲ್ಲಿ ಅಂಥವರಿಗೆ ಹೇಳುವುದು: ಕಾಡುವ ಯೋಚನೆ ಬರಲಿ, ಅದನ್ನು ಶಮನಗೊಳಿಸುವ ಯಾವ ಆಚರಣೆಯನ್ನೂ ಮಾಡಬೇಡಿ. ಧ್ಯಾನದ ಪದವೇ ಆ ಶಮನದ ಆಚರಣೆಯಾಗಿ ಕೂತರೆ ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೆಡವಿದಂತೆ.

ಇವು ಚಿಕಿತ್ಸೆಯ ಕಡೆಯ ಆಕ್ಷೇಪಗಳು. ಚರ್ಚಿನ ಕಡೆಯಿಂದ ಬಂದವೂ ಕಡಿಮೆ ತೂಕದವಲ್ಲ. 1989ರಲ್ಲಿ, ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಮುಖ್ಯಸ್ಥರಾಗಿದ್ದ ವ್ಯಾಟಿಕನ್ ಇಲಾಖೆ ಕ್ರೈಸ್ತ ಧ್ಯಾನದ ಕುರಿತು ಬಿಷಪರಿಗೆ ಪತ್ರ ಬರೆಯಿತು. ಕೆಲವು ದೈಹಿಕ ಅಭ್ಯಾಸಗಳಿಂದ ನೆಮ್ಮದಿ ತಾನಾಗಿ ಹುಟ್ಟುತ್ತದೆ. ಅದನ್ನೇ ಪವಿತ್ರಾತ್ಮರ ಸಾಂತ್ವನ ಎಂದು ತಿಳಿಯುವುದು ತಪ್ಪು, ನಡತೆಗೂ ಅನುಭವಕ್ಕೂ ತಾಳೆಯಿಲ್ಲದಿದ್ದರೆ ಅದು ಮಾನಸಿಕ ತೊಂದರೆಗೂ ದಾರಿಯಾದೀತು ಎಂದು ಆ ಪತ್ರ ಎಚ್ಚರಿಸಿತು. ಇದರ ಹಿಂದೆ ಇನ್ನೂ ಆಳದ ಅಂಜಿಕೆಯಿದೆ. ದೇವರನ್ನು ಹುಡುಕುವುದು ರಕ್ತದೊತ್ತಡ ಇಳಿಸಲಿಕ್ಕೆ ಎಂದಾದರೆ, ರಕ್ತದೊತ್ತಡ ಇಳಿದ ಮೇಲೆ ದೇವರ ಅಗತ್ಯವೇನು? ಸ್ಪೆನ್ಸರ್ ಮಠ ಇರುವ ವೂಸ್ಟರ್ ಕೌಂಟಿಯಲ್ಲೇ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, 1979ರಲ್ಲಿ ಜಾನ್ ಕಬಾಟ್-ಜಿನ್ ಬೌದ್ಧ ಧ್ಯಾನದಿಂದ ಧರ್ಮವನ್ನು ಬೇರ್ಪಡಿಸಿ ಒತ್ತಡ ನಿವಾರಣೆಯ ತರಬೇತಿ ಆರಂಭಿಸಿದ್ದರು. ಮುಂದೆ ಅದು ಕಂಪನಿಗಳ ತರಬೇತಿ ಕೊಠಡಿಗಳಿಗೂ ಹೋಯಿತು. ಸೆಂಟರಿಂಗ್ ಪ್ರೇಯರ್‌ಗೂ ಅದೇ ಗತಿ ಬಂದೀತೆಂಬ ಭಯ ಭಕ್ತರಿಗಿದ್ದರೆ ಅದನ್ನು ಸಂಕುಚಿತ ಮನಸ್ಸು ಎಂದು ತಳ್ಳಿಹಾಕುವಂತಿಲ್ಲ.

ಚಿಕಿತ್ಸಕರು ತಮ್ಮ ಗಡಿ ದಾಟಿದ ಉದಾಹರಣೆಯೂ ಇದೆ. 1956ರಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿ, ಲೇಖಕ ಥಾಮಸ್ ಮರ್ಟನ್ ಮಿನೆಸೋಟಾದ ಕಾಲೇಜ್‌ವಿಲ್‌ನಲ್ಲಿ ಮನೋವಿಶ್ಲೇಷಕ ಗ್ರೆಗರಿ ಜಿಲ್‌ಬೋರ್ಗ್ ಅವರನ್ನು ಕಂಡರು. ಏಕಾಂತವಾಸಿಯಾಗಬೇಕೆಂಬ ಮರ್ಟನ್‌ರ ಹಂಬಲವನ್ನು ಜಿಲ್‌ಬೋರ್ಗ್ ರೋಗಲಕ್ಷಣವೆಂದು ಕಂಡರು, ಜನರ ಗಮನ ಸೆಳೆಯುವ ಆಸೆ ಅದರಲ್ಲಿದೆ ಎಂದರು. ಮಾತಿನಲ್ಲಿ ಸತ್ಯಾಂಶ ಇಲ್ಲದಿರಲಿಲ್ಲ. ಪ್ರಸಿದ್ಧಿಯೊಡನೆ ಮರ್ಟನ್‌ರ ಗುದ್ದಾಟ ಅವರ ದಿನಚರಿಗಳಲ್ಲೇ ಇದೆ. ಆದರೆ 1965ರಲ್ಲಿ ಮಠದ ಅನುಮತಿ ಪಡೆದು ಕುಟೀರದಲ್ಲಿ ಒಬ್ಬರೇ ಇರತೊಡಗಿದ ಮರ್ಟನ್ ಅಲ್ಲಿ ಓದು, ಬರಹ, ಪ್ರಾರ್ಥನೆಗಳನ್ನು ನಡೆಸಿಕೊಂಡು ಹೋದರು. ಹಂಬಲದಲ್ಲಿ ಅಹಂಕಾರ ಬೆರೆತಿದೆ ಎಂದ ಮಾತ್ರಕ್ಕೆ ಹಂಬಲವೇ ಹುಸಿಯಾಗುವುದಿಲ್ಲ.

ಹಾಗಾದರೆ ಎರಡೂ ವಿದ್ಯೆ ಬಲ್ಲ ಒಬ್ಬರೇ ನಡೆಸಿಕೊಟ್ಟರೆ? ಭಾರತದಲ್ಲೇ ಅಂಥ ಪ್ರಯೋಗ ನಡೆಯಿತು. ಮುಂಬಯಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಆಂಥೊನಿ ಡಿಮೆಲ್ಲೊ ಷಿಕಾಗೊದಲ್ಲಿ ಆಪ್ತಸಮಾಲೋಚನೆ ಕಲಿತು ಬಂದು, 1970ರ ದಶಕದಲ್ಲಿ ಪುಣೆಯಲ್ಲಿ 'ಸಾಧನಾ' ಸಂಸ್ಥೆ ಕಟ್ಟಿದರು. ಮುಂದೆ ಅದು ಲೋನಾವಳಕ್ಕೆ ಹೋಯಿತು. ಇಗ್ನೇಷಿಯಸ್‌ನ ಧ್ಯಾನಕ್ರಮ, ಉಸಿರಿನ ಅರಿವು, ಗುಂಪು ಚಿಕಿತ್ಸೆ ಎಲ್ಲವನ್ನೂ ಅಲ್ಲಿ ಒಂದಾಗಿಸಿದರು. ಪಾದ್ರಿಗಳು, ಸಿಸ್ಟರ್‌ಗಳು ಅಲ್ಲಿಗೆ ಹೋಗಿ ಕೂತರು. ಅವರ ಪುಸ್ತಕಗಳು ಲೋಕದ ತುಂಬ ಓದುಗರನ್ನು ಪಡೆದವು. ಅವರು ತೀರಿಕೊಂಡದ್ದು 1987ರಲ್ಲಿ. 1998ರಲ್ಲಿ ವ್ಯಾಟಿಕನ್ ಅವರ ಬರಹಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಮೊದಲಿನ ಬರಹಗಳು ಕ್ರೈಸ್ತ ಅಧ್ಯಾತ್ಮದ ಒಳಗೇ ಇವೆ, ಬರಬರುತ್ತ ದೂರ ಸರಿದವು ಎಂಬುದು ಅದರ ತಕರಾರು. ಅದೇನೇ ಇರಲಿ, ಮೋಡಿಯುಳ್ಳ ಒಬ್ಬ ಗುರುವಿನ ಕೈಯಲ್ಲಿ ಎರಡೂ ಸೇರಿದಾಗ ಕಲಿಯುವವರಿಗೆ ಸಿಗುವ ಲಾಭ ದೊಡ್ಡದು. ಅಪಾಯವೂ ಅಲ್ಲೇ ಇದೆ. ದೇವರ ಹೆಸರಿನಲ್ಲಿ ಮಾತಾಡುವವರೇ ಮನಸ್ಸಿನ ತೀರ್ಪೂ ಕೊಡುವವರಾದರೆ ಎದುರಿಗೆ ಕೂತವರು 'ಇಲ್ಲ' ಎನ್ನುವುದು ಹೇಗೆ?

ಈ ಅಪಾಯ ಎರಡೂ ಪರಂಪರೆಗಳಿಗೆ ಗೊತ್ತಿದೆ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ ಗುರುಮಠದ ಮುಖ್ಯಸ್ಥರು, ಅಲ್ಲೇ ವಾಸಿಸುವ ವಿದ್ಯಾರ್ಥಿಗಳು ತಾವಾಗಿ ಕೇಳಿಕೊಂಡ ಹೊರತು, ಅವರ ಪಾಪನಿವೇದನೆ ಕೇಳಬಾರದು. ಬೆಳಿಗ್ಗೆ ಅಂತರಂಗ ಕೇಳಿದವರು ಸಂಜೆ ಭವಿಷ್ಯ ನಿರ್ಧರಿಸುವವರಾಗಬಾರದು ಎಂಬ ವಿವೇಕ ಅದರಲ್ಲಿದೆ. ಮನೋಚಿಕಿತ್ಸಕರ ವೃತ್ತಿನೀತಿಯೂ ಒಬ್ಬನೇ ವ್ಯಕ್ತಿಯೊಡನೆ ಎರಡು ಬಗೆಯ ಸಂಬಂಧ ಬೇಡ ಎನ್ನುತ್ತದೆ. ಗುಟ್ಟಿನ ನಿಯಮವೂ ಬೇರೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಜೀವಕ್ಕೆ ಅಪಾಯವಿದೆ ಎಂದು ತಿಳಿದರೆ ಚಿಕಿತ್ಸಕಿ ಸುಮ್ಮನಿರುವಂತಿಲ್ಲ.

ಆದರೆ ಪ್ರಾರ್ಥನೆಯ ಕೋಣೆ, ಚಿಕಿತ್ಸೆಯ ಕೋಣೆ ಬೇರೆಯಿರಲಿ ಎನ್ನುವುದು ಎರಡೂ ಕೋಣೆ ಇರುವ ಊರಿನಲ್ಲಿ ಸುಲಭ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಸೇಂಟ್ ಜಾನ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಮೌನಧ್ಯಾನದ ಆಶ್ರಮಗಳೂ ಇವೆ. ಎಲ್ಲೆಡೆ ಹಾಗಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯ ಬಗೆಯನ್ನು ನೋಡಿಕೊಂಡು, ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿದ್ದೆಗೆಟ್ಟವರು ಮೊದಲು ಹೋಗುವುದು ಫಾದರ್ ಬಳಿಗೋ ಸಿಸ್ಟರ್ ಬಳಿಗೋ. ಅವರಿಗೆ 'ಇದು ನಮ್ಮ ಕೆಲಸವಲ್ಲ, ಮನೋವೈದ್ಯರನ್ನು ನೋಡಿ' ಎಂದರೆ ಅದು ಬಾಗಿಲು ಮುಚ್ಚಿದಂತೆಯೇ. ಭಾಷೆಯ ತೊಡಕೂ ಇದೆ. ಕೊಂಕಣಿಯಲ್ಲೋ ಕನ್ನಡದಲ್ಲೋ ಪ್ರಾರ್ಥಿಸುವವರು ಚಿಕಿತ್ಸೆಯ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಅಳಬೇಕಾಗಿ ಬಂದರೆ ಪ್ರಾರ್ಥನೆಯೇ ಹತ್ತಿರ ಅನಿಸುವುದು ಸಹಜ. ಬೇರ್ಪಡಿಸುವ ನಿಯಮ ಸರಿಯಾದರೂ ಅದರ ವೆಚ್ಚ ಬಡವರ ತಲೆಯ ಮೇಲೆ ಬೀಳುತ್ತದೆ. ಹಾಗಾಗಿ ಧರ್ಮಗುರುಗಳ ತರಬೇತಿಯಲ್ಲೇ ಅಪಾಯದ ಲಕ್ಷಣ ಗುರುತಿಸುವ ಪಾಠ ಸೇರಬೇಕು. ಫೋನಿನಲ್ಲಿ ಉಚಿತವಾಗಿ ಸಿಗುವ ಟೆಲಿ ಮಾನಸ್ 14416 ಸಂಖ್ಯೆ ಚರ್ಚಿನ ಸೂಚನಾ ಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕ ಇರಬೇಕು.

ಪ್ರಾರ್ಥಿಸುವವರಿಗೆ ಎದುರಾಗುವ ಒಳಗಿನ ಕತ್ತಲೆಯ ವಿಷಯದಲ್ಲಿ, ಲಕ್ಷಣ ಗುರುತಿಸುವ ಈ ವಿವೇಕ ಎಲ್ಲಕ್ಕಿಂತ ಹೆಚ್ಚು ಬೇಕಾಗುತ್ತದೆ. ಹದಿನಾರನೇ ಶತಮಾನದ ಸ್ಪೇನಿನ ಶಿಲುಬೆಯ ಯೊವಾನ್ನರು, ಪ್ರಾರ್ಥನೆಯ ದಾರಿಯಲ್ಲಿ ಎಲ್ಲ ಸವಿಯೂ ಬತ್ತಿಹೋಗುವ ಕಾಲವನ್ನು 'ಕತ್ತಲ ರಾತ್ರಿ' ಎಂದು ವರ್ಣಿಸಿದರು. ಅದನ್ನು ವಿಷಣ್ಣತೆಯ ಕಾಯಿಲೆಯಿಂದ ಬೇರ್ಪಡಿಸುವ ಗುರುತುಗಳನ್ನೂ ಅವರೇ ಕೊಟ್ಟರು. ಎರಡೂ ಒಟ್ಟಿಗಿರಬಹುದು ಎಂದೂ ಒಪ್ಪಿದರು. ನಾಲ್ಕು ಶತಮಾನಗಳ ನಂತರ ಅಮೆರಿಕದ ಮನೋವೈದ್ಯ ಜೆರಾಲ್ಡ್ ಮೇ ಅದನ್ನೇ ಮುಂದುವರಿಸಿದರು. ಕತ್ತಲ ರಾತ್ರಿಯಲ್ಲಿರುವವರು ಸಾಮಾನ್ಯವಾಗಿ ದಿನದ ಕೆಲಸ ಮಾಡುತ್ತಾರೆ, ಹಾಸ್ಯಪ್ರಜ್ಞೆ ಉಳಿದಿರುತ್ತದೆ, ಬೇರೆಯವರ ನೋವಿಗೆ ಮಿಡಿಯುತ್ತಾರೆ. ತೀವ್ರ ಖಿನ್ನತೆ ಇವನ್ನೇ ಕಸಿಯುತ್ತದೆ. ಕತ್ತಲ ರಾತ್ರಿ ಇದ್ದರೂ ಖಿನ್ನತೆಗೆ ಚಿಕಿತ್ಸೆ ಕೊಡಲೇಬೇಕು ಎಂಬುದು ಅವರ ನಿಲುವು. ಯೊವಾನ್ನರ ಸಂಗಾತಿ ಆವಿಲಾದ ತೆರೇಸಾ ಇನ್ನೂ ಖಡಕ್ಕು. ಉಪವಾಸ ಜಾಗರಣೆಗಳಿಂದ ಬಳಲಿ ಮೈಮರೆತು ಬೀಳುವುದನ್ನೇ ದೈವಾನಂದ ಎಂದುಕೊಂಡ ಸಿಸ್ಟರ್‌ಗಳಿಗೆ ಊಟ ಹೆಚ್ಚಿಸಿ, ನಿದ್ದೆ ಹೆಚ್ಚಿಸಿ, ಪ್ರಾರ್ಥನೆಯ ಹೊತ್ತು ಕಡಿಮೆ ಮಾಡಿ, ಬೇರೆ ಕೆಲಸಕ್ಕೆ ಹಚ್ಚಿ ಎಂದು 1577ರಲ್ಲೇ ಬರೆದಿದ್ದರು.

ಎರಡು ತಟ್ಟೆಯನ್ನೂ ನೋಡಿದ ಮೇಲೆ ನನಗನಿಸುವುದು ಇದು. ಧ್ಯಾನಪ್ರಾರ್ಥನೆಯೂ ಮನೋಚಿಕಿತ್ಸೆಯೂ ಒಬ್ಬರ ಬದುಕಿನಲ್ಲಿ ಜೊತೆಗಿರಬಹುದು. ಒಬ್ಬರ ಕೈಯಲ್ಲಿ, ಒಂದೇ ಹೊತ್ತಿನಲ್ಲಿ ಬೆರೆಯಬಾರದು. ಚಿಕಿತ್ಸಕಿಗೆ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿರಬೇಕು, ಗುರುವಿಗೆ ಚಿಕಿತ್ಸೆ ನಡೆಯುತ್ತಿದೆ ಎಂದು. ಹೊಸ ಆಘಾತ, ತೀವ್ರ ಖಿನ್ನತೆ, ಭ್ರಮೆಗಳ ಕಾಲದಲ್ಲಿ ಮೌನ ಹಿಂದೆ ಸರಿದು ಮಾತಿಗೂ ಮಾತ್ರೆಗೂ ಜಾಗ ಬಿಡಬೇಕು. ಆಗ ಬಾಯಿಮಾತಿನ ಪ್ರಾರ್ಥನೆಯೋ ಜೊತೆಯವರ ಪ್ರಾರ್ಥನೆಯೋ ಸಾಕು. ಚೇತರಿಸಿಕೊಂಡ ಮೇಲೆ, ಮನಸ್ಸು ತನ್ನ ಸುತ್ತಲೇ ಸುತ್ತುವಾಗ, ಮಾತು ಹಿಂದೆ ಸರಿಯಬಹುದು.

ಬಗೆಹರಿಯದ ಒಂದು ಭಿನ್ನತೆ ಉಳಿಯುತ್ತದೆ. ಚಿಕಿತ್ಸೆಗೆ ಸ್ವಾಸ್ಥ್ಯವೇ ಗುರಿ. ಭಕ್ತನಿಗೆ ಸ್ವಾಸ್ಥ್ಯ ಸಿಗದಿದ್ದರೂ ದೇವರು ದೇವರೇ. ಇದನ್ನು ತೇಪೆ ಹಾಕಿ ಮುಚ್ಚಬೇಕಿಲ್ಲ. ಪರೀಕ್ಷೆಯ ವಿಷಯದಲ್ಲಿ ಮಾತ್ರ ಇಬ್ಬರೂ ಅಚ್ಚರಿ ಹುಟ್ಟಿಸುವಷ್ಟು ಒಂದಾಗುತ್ತಾರೆ. ಕೋಣೆಯೊಳಗೆ ಎಷ್ಟು ಶಾಂತಿ ಸಿಕ್ಕಿತು, ಎಷ್ಟು ಕಣ್ಣೀರು ಬಂತು ಎಂಬುದನ್ನು ಇಬ್ಬರೂ ಅಂತಿಮ ಸಾಕ್ಷಿಯಾಗಿ ಒಪ್ಪುವುದಿಲ್ಲ. ಚಿಕಿತ್ಸಕಿ ನಿದ್ದೆ, ಕೆಲಸ, ಸಂಬಂಧಗಳನ್ನು ವಿಚಾರಿಸುತ್ತಾಳೆ. ತೆರೇಸಾ ಪರಪ್ರೀತಿ ಹೆಚ್ಚಿತೇ ಎಂದು ಕೇಳುತ್ತಾರೆ. ಆರು ತಿಂಗಳು ಕೂತ ಮೇಲೆ ಮನೆಯವರೊಡನೆ ಮೊದಲಿಗಿಂತ ಸಹನೆಯಿಂದ, ಮೊದಲಿಗಿಂತ ನಿಜವಾಗಿ ಇರಲಾಗುತ್ತಿದೆಯೇ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಕೂತವರಲ್ಲ, ಅವರ ಮನೆಯವರು. ಗುರುವೂ ಚಿಕಿತ್ಸಕಿಯೂ ಆಗಾಗ ಅವರನ್ನು ಕೇಳುವುದು ಒಳ್ಳೆಯದು.